ಉಡಚಮ್ಮನ ಎಡಗಾಲು

ಉಡಚಮ್ಮ ಭೂಮಿಗೆ ಬಂದದ್ದೇ ಕಾಲು ಮುಂದಾಗಿ. ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಗುಣ ಇರುತ್ತದೆ ಎಂಬುದನ್ನು ಹರಿಹರದಲ್ಲಿ ನಂಬದವರು ಕಡಿಮೆ. ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ, ಭಾನುವಾರ ಬೆಳಿಗ್ಗೆ ಮಾತ್ರ ಬರಿಹೊಟ್ಟೆಯಲ್ಲಿ ಬಂದು ಅವಳ ಮನೆ ಕಟ್ಟೆಯ ಮೇಲೆ ಮಲಗಿ, "ಒಂದೀಟು ಕಾಲಿಡ್ರಿ ಅಕ್ಕಾರೆ" ಎಂದು ಬೇಡಿಕೊಳ್ಳುತ್ತಿದ್ದರು. ಉಡಚಮ್ಮ ಎಡಗಾಲಿನ ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚಿಕೊಂಡು, ನೋವಿದ್ದ ಕಡೆ ಮೂರು ಸಲ ಹಗುರವಾಗಿ ನೀವಿ, "ಏಳ್ರಿ, ಹಿಂದಕ್ಕ ನೋಡಬ್ಯಾಡ್ರಿ, ಸೀದಾ ಹೋಗ್ರಿ" ಎನ್ನುತ್ತಿದ್ದಳು. ಅಷ್ಟೇ ವೈದ್ಯ. ಹತ್ತರಲ್ಲಿ ಏಳು ಜನರಿಗೆ ಮೂರು ದಿನದಲ್ಲಿ ಗುಣವಾಗುತ್ತಿತ್ತು. ಉಳುಕು ಮೂರು ದಿನಕ್ಕೆ ತಾನಾಗಿಯೇ ಹೋಗುತ್ತದಲ್ಲ ಎಂದು ಕೇಳುವ ಕಿಡಿಗೇಡಿ ಆ ಓಣಿಯಲ್ಲಿ ಒಬ್ಬನೇ ಇದ್ದ. ಅವನು ಅವಳ ಗಂಡ ಹಾಲೇಶಪ್ಪ.

"ಊರಿನ ಸೊಂಟಕ್ಕೆಲ್ಲ ನಿನ್ನ ಕಾಲು ದುಡೀತೈತೆ. ನನ್ನ ಸೊಂಟ ಹಿಡಿದಾಗ ಮಾತ್ರ ರಜಾ ಹಾಕ್ತೈತೆ" ಎಂದು ಕಾರ್ಖಾನೆಗೆ ಹೊರಡುವಾಗ ಅವನು ಛೇಡಿಸುತ್ತಿದ್ದ.

"ನಂಬಿಕೆ ಇದ್ದೋರಿಗೆ ಮಾತ್ರ ಹತ್ತತೈತೆ" ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕುಕ್ಕುವಾಡದಲ್ಲಿದ್ದ ಅವಳ ತಾಯಿ ಕರಿಯವ್ವ, ಮಗಳನ್ನು ಮದುವೆ ಮಾಡಿ ಕಳಿಸುವಾಗ ಒಂದೇ ಮಾತು ಹೇಳಿದ್ದಳು: "ಕಾಲು ನಿಂದು, ಗುಣ ದೇವ್ರದ್ದು. ಕಾಲಿಂದ ಮುಟ್ಟು, ಆದ್ರ ಕೈ ಹಚ್ಚಬ್ಯಾಡ." ಇಪ್ಪತ್ತೈದು ವರ್ಷ ಉಡಚಮ್ಮ ಆ ಮಾತನ್ನು ಮೀರಿರಲಿಲ್ಲ. ಮೀರಿದ್ದು ಎಂಬತ್ತೆಂಟನೆಯ ಇಸವಿಯ ಯುಗಾದಿಯ ಹಿಂದಿನ ಭಾನುವಾರ, ಅದೂ ಪಕ್ಕದ ಮನೆಯ ನಬೀ ಸಾಬನ ಮೇಲೆ.

ನಬೀ ಸಾಬ್ ಸುಣ್ಣ ಬಳಿಯುವವನು. ಯುಗಾದಿ, ದೀಪಾವಳಿ, ರಂಜಾನ್ ಬಂತೆಂದರೆ ಹರಿಹರದ ಅರ್ಧ ಗೋಡೆಗಳು ಅವನನ್ನೇ ಕಾಯುತ್ತಿದ್ದವು. ಏಣಿ ಹತ್ತಿ, ತಲೆಯ ಮೇಲೆ ಕೈಯೆತ್ತಿ, ಜಂತಿಯಿಂದ ಜಂತಿಗೆ ಬ್ರಷ್ಷು ಎಳೆಯುವ ಕೆಲಸ. ಹದಿನಾರನೆಯ ವಯಸ್ಸಿನಿಂದ ಇದೇ. ಸುಣ್ಣಕ್ಕೆ ನೀಲಿ ಎಷ್ಟು, ಗೋಂದು ಎಷ್ಟು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಆ ವರ್ಷ ಶಿವರಾತ್ರಿ ಕಳೆದದ್ದೇ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟ ಬರುವ ತನಕ ಏನೂ ಇಲ್ಲ. ಅಲ್ಲಿಂದ ಮೇಲೆ ಎತ್ತಿದರೆ ಒಳಗೆ ಏನೋ ಸಿಕ್ಕಿಕೊಂಡಂತಾಗಿ ಚಳಕು ಹೊಡೆಯುತ್ತಿತ್ತು. ಅದನ್ನು ದಾಟಿಸಿ ಪೂರ್ತಿ ಎತ್ತಿಬಿಟ್ಟರೆ ಮತ್ತೆ ಹಗುರ. ಅವನ ಹೆಂಡತಿ ಖುರ್ಷೀದಾ "ಡಾಕ್ಟರ್ ಹತ್ರ ಹೋಗ್ರಿ" ಎಂದಳು. ಅವನು ಗೋಡೆಯಾಚೆಯ ಉಡಚಮ್ಮಕ್ಕನ ಹತ್ತಿರ ಬಂದ. ಹದಿನೆಂಟು ವರ್ಷದ ನೆರೆ. ಇವಳ ಮನೆಯ ಹೋಳಿಗೆ ಆ ಮನೆಗೆ, ಆ ಮನೆಯ ಶಾವಿಗೆಯ ಸುರಕುಂಬಾ ಈ ಮನೆಗೆ ಹೋಗದ ಹಬ್ಬವೇ ಇರಲಿಲ್ಲ.

ಎರಡು ಭಾನುವಾರ ಉಡಚಮ್ಮ ಕಾಲಿಟ್ಟಳು. ಗುಣವಾಗಲಿಲ್ಲ. ಮೂರನೆಯ ಭಾನುವಾರ ಅವನು ಕಟ್ಟೆಯ ಮೇಲೆ ಮಲಗಿ ಮೇಲೆ ನೋಡುತ್ತ ನಕ್ಕ.

"ಏನಕ್ಕಾ, ನಿನ್ನ ಕಾಲಿಗೂ ವಯಸ್ಸಾತೇನು? ಪಿಂಚಣಿ ತಗೊಂಡು ಮನೀಗ್ ಹೋಗೋ ಕಾಲ ಬಂತೇನು ಅದಕ್ಕ?"

ತಮಾಷೆಗೆ ಅಂದದ್ದು. ಅವನ ಬಾಯಿಯೇ ಅಂಥದು. ಆದರೆ ಆ ಹೊತ್ತಿಗೆ ಕಟ್ಟೆಯ ಕೆಳಗೆ ಕೊಂಡಜ್ಜಿ ಊರಿಂದ ಬಂದ ಇಬ್ಬರು ಹೆಂಗಸರು ತಮ್ಮ ಸರದಿ ಕಾಯುತ್ತಿದ್ದರು. ಅವರು ಬಾಯಿಗೆ ಸೆರಗು ಹಿಡಿದು ಕಿಸಕ್ಕೆಂದರು. ಉಡಚಮ್ಮನಿಗೆ ಅದು ನಾಟಿತು. ಮೂಳೆ ಕೂಡಿಸುವವನೊಬ್ಬ ಸಂತೆಯಲ್ಲಿ ಒಬ್ಬನ ಕಂಕುಳಿಗೆ ಹಿಮ್ಮಡಿ ಒತ್ತಿ, ಕೈಯನ್ನು ಮೇಲಕ್ಕೆ ಜಗ್ಗಿ ಸರಿಮಾಡಿದ್ದನ್ನು ಅವಳು ಒಮ್ಮೆ ನೋಡಿದ್ದಳು. ನೆರೆದವರೆಲ್ಲ ಶಹಬಾಸ್ ಎಂದಿದ್ದರು. ಕೈ ಹಚ್ಚುವುದು ಕಣ್ಣಿಗೆ ಬೀಳಬಾರದೆಂದು ಆ ಹೆಂಗಸರನ್ನು "ನೀವು ಒಳಗ್ ಹೋಗಿ ನೀರು ಕುಡೀರಿ" ಎಂದು ನಡುಮನೆಗೆ ಕಳಿಸಿದಳು. ನಬೀ ಸಾಬನ ಪಕ್ಕ ಕುಳಿತು, ಅವನ ಕಂಕುಳಿಗೆ ಎಡಗಾಲಿನ ಹಿಮ್ಮಡಿ ಕೊಟ್ಟು, ಎರಡೂ ಕೈಯಲ್ಲಿ ಅವನ ಬಲಗೈ ಹಿಡಿದು, ತಲೆಯ ಕಡೆಗೆ ಜಗ್ಗಿದಳು.

ಟಪ್ ಎಂದಿತು. ಒದ್ದೆ ಹಗ್ಗ ಹರಿದ ಸಪ್ಪಳ. ನಬೀ ಸಾಬನ ಮುಖ ಸುಣ್ಣದ ಹಾಗಾಯಿತು. ಅವನು ಕೂಗಲಿಲ್ಲ. ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಮಲಗಿದ್ದು, ಎದ್ದು, ಎಡಗೈಯಲ್ಲಿ ಟೋಪಿ ಹಾಕಿಕೊಂಡ.

"ಆತು ಬಿಡಕ್ಕಾ" ಎಂದು ಮೆಲ್ಲಗೆ ಹೇಳಿ ಹೋದ. ಹಿಂದಕ್ಕೆ ನೋಡಲಿಲ್ಲ.

ಅಂದಿನಿಂದ ಅವನ ಬಲಗೈ ಎದೆಯಿಂದ ಮೇಲೆ ಏಳಲಿಲ್ಲ. ಮೊದಲು ನೋವಿದ್ದರೂ ಏಳುತ್ತಿತ್ತು. ಈಗ ಏಳುವುದೇ ಇಲ್ಲ. ಯುಗಾದಿಗೆ ಒಪ್ಪಿಕೊಂಡಿದ್ದ ಮನೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟ. ಕೇಳಿದವರಿಗೆ, "ಹಳೇ ನೋವು, ಹಂಗೇ ದಿನಾ ಒಂದೀಟು ಜಾಸ್ತಿ ಆತು" ಎನ್ನುತ್ತಿದ್ದ. ಉಡಚಮ್ಮನ ಹೆಸರು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೆ ಅವಳು ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಏನಾದರೂ ಮಾಡುತ್ತಿದ್ದಳು. ಬರಲಿಲ್ಲವಾದ್ದರಿಂದ ಅದು ಅವಳ ಬಾಯಲ್ಲಿ ಬಿಸಿ ತುಪ್ಪವಾಗಿ ಉಳಿಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಬಾವಿಕಟ್ಟೆಯಲ್ಲಿ ಖುರ್ಷೀದಾ ಎದುರಾದರೆ ಕೊಡ ತುಂಬದೆಯೇ ಎತ್ತಿಕೊಂಡು ಬರುತ್ತಿದ್ದಳು. ಒಂದು ಶುಕ್ರವಾರ ಹಿತ್ತಿಲ ಗೋಡೆಯ ಮೇಲಿಂದ ಕಣ್ಣು ಹಾಯಿಸಿದಾಗ ನಬೀ ಸಾಬ್ ಮನೆಯಲ್ಲೇ ನಮಾಜಿಗೆ ನಿಂತಿದ್ದ. ಎಡಗೈ ಕಿವಿಯ ತನಕ ಹೋಯಿತು. ಬಲಗೈ ಎದೆಯ ಹತ್ತಿರವೇ ನಿಂತಿತು. ಅವಳು ತಲೆ ಒಳಕ್ಕೆಳೆದುಕೊಂಡು ಹಾಗೇ ಗೋಡೆಗೊರಗಿ ಕುಳಿತುಬಿಟ್ಟಳು. ಬೇರೆಯವರ ಅನ್ನಕ್ಕೆ ಕಲ್ಲು ಹಾಕುವವರನ್ನು ಅವಳು ಜೀವಮಾನವೆಲ್ಲ ಶಪಿಸಿದವಳು. ಈಗ ದೇವರ ಮುಂದೆ ಏಳಬೇಕಾದ ಕೈಯನ್ನೂ ಹಿಡಿದು ನಿಲ್ಲಿಸಿದ್ದಳು.

ಕೊನೆಗೆ ಖುರ್ಷೀದಾ ಗಂಡನನ್ನು ಹರಿಹರದ ಡಾಕ್ಟರಿಗೆ ತೋರಿಸಿದಳು. ಎಕ್ಸರೇ ತೆಗೆದರು. ಮೂಳೆ ಮುರಿದಿಲ್ಲ, ಜಾರಿಲ್ಲ, ಎಲ್ಲ ಸರಿ ಐತೆ ಎಂದರು. ಆ ಸುದ್ದಿ ಕೇಳಿದ ದಿನ ಉಡಚಮ್ಮ ಹರಿಹರೇಶ್ವರನಿಗೆ ಕಾಯಿ ಒಡೆಸಿದಳು. ಮೂಳೆ ಮುರಿದಿಲ್ಲವೆಂದರೆ ತಾನು ಏನೂ ಮಾಡಿಲ್ಲ. ಟಪ್ ಎಂದದ್ದು ನೆಟಿಗೆ ಇರಬೇಕು, ಬೆರಳಿನ ನೆಟಿಗೆ ಮುರಿದರೂ ಸಪ್ಪಳ ಬರುತ್ತದಲ್ಲ. ಮನಸ್ಸು ತನಗೆ ಬೇಕಾದ ವಕೀಲನನ್ನು ತಾನೇ ಹುಡುಕಿಕೊಳ್ಳುತ್ತದೆ, ಫೀಸೂ ಬೇಡ.

ಆ ನೆಮ್ಮದಿ ಒಂದು ವಾರ ಬಾಳಿತು. ಒಂದು ಬೆಳಿಗ್ಗೆ ಖುರ್ಷೀದಾ ಬುರ್ಖಾ ಹಾಕಿಕೊಂಡೇ ಬಾಗಿಲಿಗೆ ಬಂದಳು.

"ಅಕ್ಕಾ, ದಾವಣಗೆರೆಗೆ ಹೊಸ ಮಷೀನು ಬಂದೈತಂತೆ. ಎಕ್ಸರೇದಾಗ ಕಾಣದ್ದೂ ಕಾಣ್ತೈತಂತೆ. ಇವ್ರನ್ನ ಅಲ್ಲಿಗೆ ಬರದು ಕೊಟ್ಟಾರೆ. ನೀವೂ ಬರ್ರಿ ನಮ್ ಜೊತಿಗೆ."

"ನಾ ಯಾಕವ್ವಾ? ನನಗೆ ಅಲ್ಲಿ ಏನ್ ತಿಳೀತೈತೆ?"

"ನನಗೊಬ್ಬಳಿಗೇ ಧೈರ್ಯ ಸಾಲದು. ಬರ್ರಿ."

ಖುರ್ಷೀದಾಳ ದನಿಯಲ್ಲಿ ಕೋರಿಕೆಗಿಂತ ಹೆಚ್ಚಿನದೇನೋ ಇತ್ತು. ಬರುವುದಿಲ್ಲ ಎನ್ನಲು ಉಡಚಮ್ಮನಿಗೆ ಒಂದು ನೆಪವೂ ಸಿಗಲಿಲ್ಲ. ಸೀರೆ ಬದಲಿಸಿ ಹೊರಟಳು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ನರ್ಸಿಂಗ್ ಹೋಮು. ಹೊರಗಿನ ಬೆಂಚುಗಳ ತುಂಬ ಬಸುರಿಯರು. ಸ್ಕ್ಯಾನಿಂಗ್ ಮಷೀನು ಎಂದರೆ ಆಗ ಊರಿನವರಿಗೆಲ್ಲ ಹೊಟ್ಟೆಯ ಕೂಸು ನೋಡುವ ಮಷೀನು. ಆ ಸಾಲಿನ ನಡುವೆ ಗಡ್ಡ ಬಿಟ್ಟ, ಟೋಪಿ ಹಾಕಿದ ನಬೀ ಸಾಬ್ ಕುಳಿತಿದ್ದನ್ನು ನೋಡಿ ಒಬ್ಬ ಅಜ್ಜಿ ತಡೆಯಲಾರದೆ, "ನಿಂಗೆಷ್ಟು ತಿಂಗಳಪ್ಪಾ?" ಎಂದು ಕೇಳಿಯೇಬಿಟ್ಟಳು. "ದಿನ ತುಂಬೈತೆ ಅಜ್ಜೀ, ಇವತ್ತೋ ನಾಳೆಯೋ" ಎಂದ ನಬೀ ಸಾಬ್. ಬೆಂಚಿಗೆ ಬೆಂಚೇ ನಕ್ಕಿತು. ಉಡಚಮ್ಮನಿಗೆ ನಗು ಬರಲಿಲ್ಲ. ಹೊಟ್ಟೆಯೊಳಗಿನ ಕೂಸನ್ನು ಕಾಣುವ ಮಷೀನಿಗೆ ಭುಜದೊಳಗಿನದು ಯಾವ ಲೆಕ್ಕ ಎಂದು ಅವಳು ಯೋಚಿಸುತ್ತಿದ್ದಳು.

ಡಾಕ್ಟರ್ ಮಲ್ಲೇಶಪ್ಪ ಎಳೆಯ ವಯಸ್ಸಿನವರು. ಆ ಮಷೀನಿನಿಂದ ಭುಜವನ್ನೂ ನೋಡಬಹುದೆಂದು ಬೊಂಬಾಯಿಯಲ್ಲಿ ಕಲಿತು ಬಂದಿದ್ದರು. ಹೊಸ ಆಟಿಕೆ ಸಿಕ್ಕ ಹುಡುಗನ ಉಮೇದು ಅವರ ಮುಖದಲ್ಲಿತ್ತು. ಮೂವರನ್ನೂ ಒಳಗೆ ಕರೆದರು. ಕಿಟಕಿಗೆ ಕಪ್ಪು ಪರದೆ. ನಬೀ ಸಾಬನ ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂಡಿಸಿ, ಮೊದಲು ನೋವಿಲ್ಲದ ಎಡಭುಜಕ್ಕೆ ತಣ್ಣನೆಯ ಅಂಟು ಸವರಿದರು.

"ಕೈ ಹಿಂದಕ್ಕ ತಗೊಂಡು ಸೊಂಟದ ಮ್ಯಾಲೆ ಇಡ್ರಿ. ಹಾಂ, ಹಿಂದಿನ ಜೇಬಿಗೆ ಕೈ ಹಾಕ್ದಂಗೆ."

ಸಾಬೂನಿನಷ್ಟು ದಪ್ಪದ ಒಂದು ತುಂಡನ್ನು ಭುಜದ ಮೇಲೆ ಆಡಿಸಿದರು. ಪೆಟ್ಟಿಗೆಯ ಗಾಜಿನ ಮೇಲೆ ಬೂದು ಬಣ್ಣದ ಮೋಡ ಕದಲಿತು. ಡಾಕ್ಟರು ಬೆರಳಿಟ್ಟು ತೋರಿಸಿದರು.

"ಮ್ಯಾಲೆ ಇದು ಎಲುಬು, ಮನೀಗೆ ಚಾವಣಿ ಇದ್ದಂಗೆ. ಅದರ ಕೆಳಗ ಬೆಳ್ಳಗೆ ಪಟ್ಟಿ ಕಾಣ್ತೈತಲ್ಲ, ಅದು ಹುರಿ. ಕೈ ಎತ್ತೋದು ಈ ಹುರಿಯಿಂದಾನೆ. ಈಗ ನಿಧಾನಕ್ಕ ಕೈ ಎತ್ರಿ."

ನಬೀ ಸಾಬ್ ಎಡಗೈ ಎತ್ತಿದ. ಗಾಜಿನ ಮೇಲೆ ಬಿಳಿಪಟ್ಟಿ ಮೆಲ್ಲಗೆ ಜರುಗಿ ಎಲುಬಿನ ಕೆಳಗೆ ಹೋಗುವಾಗ ಒಂದು ಕ್ಷಣ ತಡೆದು, ಉಬ್ಬಿ, ಮತ್ತೆ ಒಳಕ್ಕೆ ಜಾರಿತು.

"ನೋಡಿದ್ರಾ? ಅಲ್ಲಿ ಸಿಕ್ಕಿಕೊಳ್ತೈತೆ. ತಲಿ ಮ್ಯಾಲೆ ಕೈ ಎತ್ತಿ ವರ್ಷಗಟ್ಲೆ ಕೆಲಸ ಮಾಡೋರಿಗೆ ಇದು ಬರ್ತೈತೆ. ಹುರಿ ಬಾತ್ಕೊಂಡು ಚಾವಣಿಗೆ ಉಜ್ಜತೈತೆ. ಆದ್ರೂ ಇದು ಗಟ್ಟಿ ಐತೆ, ಹರಿದಿಲ್ಲ. ಈಗ ಬಲಗಡೆ ನೋಡಾಣ."

ಬಲಭುಜಕ್ಕೆ ಅಂಟು ಸವರಿದರು. ಗಾಜಿನ ಮೇಲೆ ಮೋಡ ಕೂಡಿಬರುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಡಾಕ್ಟರು ವಿದ್ಯುತ್ ಇಲಾಖೆಯ ಮೂರು ತಲೆಮಾರನ್ನು ನೆನೆದರು. ಉಡಚಮ್ಮ ಸೆರಗಿನೊಳಗೆ ಕೈ ಮುಗಿದಳು. ಕರೆಂಟು ಬಾರದಿರಲಿ ಎಂದು ದೇವರಲ್ಲಿ ಬೇಡಿದವರು ದಾವಣಗೆರೆಯ ಇತಿಹಾಸದಲ್ಲಿ ಅವಳೊಬ್ಬಳೇ ಇರಬೇಕು. ದೇವರು ಕೇಳಿಸಿಕೊಳ್ಳಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಜನರೇಟರ್ ಗುಡುಗಿತು, ಗಾಜು ಮತ್ತೆ ಬೆಳಗಿತು.

ಈ ಸಲ ಬಿಳಿಪಟ್ಟಿ ಅರ್ಧ ದಾರಿಗೆ ನಿಂತುಹೋಗಿತ್ತು. ಆಮೇಲೆ ಕಪ್ಪು. ಓದುಬರಹ ಬಾರದ ಉಡಚಮ್ಮನಿಗೂ ಅದು ತಿಳಿಯಿತು. ಡಾಕ್ಟರು ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲೇ ಅವಳ ಕೈ ತನಗೇ ಗೊತ್ತಿಲ್ಲದೆ ತನ್ನ ಬಲಭುಜವನ್ನು ಹಿಡಿದುಕೊಂಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಕಟ್ಟಿದವನು ಆ ಕೋಣೆಯಲ್ಲಿದ್ದಿದ್ದರೆ ಕೈಮುಗಿದು ಹೋಗುತ್ತಿದ್ದ. ಖುರ್ಷೀದಾ ಗಾಜನ್ನು ನೋಡುತ್ತಿರಲಿಲ್ಲ. ಉಡಚಮ್ಮನನ್ನೇ ನೋಡುತ್ತಿದ್ದಳು.

"ಹುರಿ ಹರಿದೈತೆ" ಎಂದರು ಡಾಕ್ಟರು. ಅವರ ಉಮೇದು ತಗ್ಗಿತ್ತು. "ಒಳಗ ನೀರೂ ತುಂಬೈತೆ. ನಬೀ ಸಾಬ್ರೇ, ಒಂದು ಮಾತು ಸರಿಯಾಗಿ ನೆನಪು ಮಾಡಿಕೊಂಡು ಹೇಳ್ರಿ. ಹರಿದೈತೆ ಅಂತ ಮಷೀನು ತೋರಿಸ್ತೈತೆ. ಯಾವಾಗ ಹರೀತು ಅಂತ ತೋರ್ಸಲ್ಲ. ಅದನ್ನ ನೀವೇ ಹೇಳ್ಬೇಕು. ಎಲ್ಲೆರ ಬಿದ್ರೇನು? ಯಾರರ ಕೈ ಜಗ್ಗಿದ್ರೇನು? ಟಪ್ ಅಂತ ಸಪ್ಪಳ ಏನಾರ ಬಂತೇನು?"

ಉಡಚಮ್ಮ ತಲೆಯೆತ್ತಿ ಡಾಕ್ಟರನ್ನು ನೋಡಿದಳು. ಆ ಸಪ್ಪಳವನ್ನು ಅವರು ಎಲ್ಲಿಂದ ಕೇಳಿದರು?

"ಇಲ್ಲ ಸಾರ್" ಎಂದ ನಬೀ ಸಾಬ್ ಅಂಟನ್ನು ಒರೆಸಿಕೊಳ್ಳುತ್ತ. "ಏನೂ ಆಗಿಲ್ಲ. ನಾಕೈದು ವರ್ಷದ್ದು. ಹಂಗೇ ಜಾಸ್ತಿ ಆಗ್ತಾ ಬಂತು."

"ಖರೇನಾ?"

"ಖರೇ ಸಾರ್."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಮನ್ನೆ ಮನ್ನೆ ಹರಿದಿದ್ರೆ ಹುಬ್ಬಳ್ಳಿಗೆ ಕಳಿಸ್ತಿದ್ದೆ. ಬೇಗ ಹೋದ್ರೆ ಹೊಲೀತಾರೆ, ಕೈ ಬರೋ ಸಂಭವ ಐತೆ. ನಿಮ್ದು ವರ್ಷಗಟ್ಲೆ ಸವೆದು ಹರಿದಿದ್ದು ಅಂತೀರಿ. ಹಳೇ ಜೂನಾ ಬಟ್ಟಿಗೆ ಹೊಲಿಗಿ ಹಾಕಿದ್ರೆ ದಾರ ನಿಲ್ತೈತೇನು? ಯಾವ ಸರ್ಜನ್ನೂ ಕೈ ಹಾಕಲ್ಲ. ಗುಳಿಗಿ ಬರದು ಕೊಡ್ತೀನಿ, ಒಂದೆರಡು ವ್ಯಾಯಾಮ ಹೇಳ್ತೀನಿ. ಸುಣ್ಣದ ಕೆಲಸ ಬಿಟ್ಬಿಡ್ರಿ."

ಕೆಲಸ ಬಿಡಿ ಎಂದದ್ದು ಮೂವರ ಕಿವಿಗೂ ಬಿತ್ತು. 'ಈಗ ಹೇಳು, ಈಗ ಹೇಳು' ಎಂದು ಉಡಚಮ್ಮನ ಒಳಗೆ ಯಾರೋ ತಿವಿಯುತ್ತಿದ್ದರು. ಅವಳು ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿಕೊಂಡು ಹೊರಗೆ ಬಂದಳು.

ಬಸ್‌ಸ್ಟ್ಯಾಂಡಿನ ತನಕ ನಡೆದೇ ಹೋದರು. ದಾರಿಯಲ್ಲಿ ನಬೀ ಸಾಬ್ ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡ. "ದಾವಣಗೆರೆಗೆ ಬಂದು ಮಂಡಕ್ಕಿ ತಿನ್ನದೆ ಹೋದ್ರೆ ಊರಾಗ ಮರ್ಯಾದಿ ಇರಲ್ಲ" ಎಂದು ಇಬ್ಬರಿಗೂ ಹಂಚಿದ. ಬಲಗೈಯನ್ನು ಎಡಗೈಯಿಂದ ಮೊಣಕೈಯ ಕೆಳಗೆ ಆಧಾರ ಕೊಟ್ಟು ಬಾಯಿಗೆ ಒಯ್ಯುತ್ತಿದ್ದ. ಅರ್ಧ ಮಂಡಕ್ಕಿ ಅಂಗಿಯ ಮೇಲೆ ಉದುರಿತು.

"ಯಾಕ ಇಬ್ರೂ ಹಿಂಗ್ ಮುಖ ಮಾಡೀರಿ? ಇನ್ಮ್ಯಾಲೆ ಗೋಡಿ ಕೆಳಗಿನ ಅರ್ಧ ಬಳೀತೀನಿ, ಮ್ಯಾಲಿನ ಅರ್ಧ ಮನಿಯವ್ರೇ ಬಳ್ಕೊಳ್ಳಿ. ರೇಟೂ ಅರ್ಧ."

ತನ್ನ ಮಾತಿಗೆ ತಾನೇ ನಕ್ಕ. ಆ ನಗು ಉಡಚಮ್ಮನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು. ಇವನು ಬೈದಿದ್ದರೆ! ಓಣಿಯಲ್ಲಿ ನಿಂತು, 'ಈ ಹೆಂಗಸು ನನ್ನ ಕೈ ಕಿತ್ತಳು' ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಅವಳಿಗೀಗ ಸ್ಪಷ್ಟವಾಗಿ ಕಂಡಿತು: ಇವನು ಸುಳ್ಳು ಹೇಳಿದ್ದು ತನ್ನ ಕಾಲಿನ ಹೆಸರು ಉಳಿಯಲೆಂದು. ತಾನು ಸುಮ್ಮನಿದ್ದದ್ದೂ ಅದೇ ಹೆಸರಿಗಾಗಿ. ಇಬ್ಬರೂ ಸೇರಿ ಒಂದು ಕಾಲನ್ನು ಉಳಿಸಿಕೊಳ್ಳಲು ಒಂದು ಕೈಯನ್ನು ಬಲಿ ಕೊಡುತ್ತಿದ್ದಾರೆ.

ಹರಿಹರದ ಬಸ್ಸು ಬಂದು ನಿಂತಿತು. ನಬೀ ಸಾಬ್ ಹಿಂದೆ ನಿಂತು, "ನೀ ಮೊದಲು ಹತ್ತಕ್ಕಾ" ಎಂದ. ಉಡಚಮ್ಮ ಬಾಗಿಲ ಕಂಬಿ ಹಿಡಿದು ಎಡಗಾಲನ್ನು ಮೆಟ್ಟಿಲ ಮೇಲಿಟ್ಟಳು. ಅಲ್ಲೇ ನಿಂತಳು.

"ಹತ್ರೀ ಅಮ್ಮಾರೆ, ಇಲ್ಲಂದ್ರ ಇಳೀರಿ! ಹಿಂದಿನೋರು ಹತ್ತಬೇಕು" ಎಂದು ಕಂಡಕ್ಟರು ಕಿರುಚಿದ.

ಅವಳು ಕಾಲನ್ನು ಕೆಳಗಿಳಿಸಿದಳು.

"ನಾ ಬರಲ್ಲ. ವಾಪಸ್ ಡಾಕ್ಟರ್ ಹತ್ರ ನಡೀರಿ."

"ಏನ್ ಮರ್ತೀಯಕ್ಕಾ?" ಎಂದ ನಬೀ ಸಾಬ್.

"ಹೇಳೋದು ಮರ್ತೀನಿ." ಅವಳು ಖುರ್ಷೀದಾಳ ಕಡೆ ತಿರುಗಿದಳು. "ಖುರ್ಷೀದಾ, ಇವನ ಕೈ ಹರಿದಾಕಿ ನಾನವ್ವಾ. ಯುಗಾದಿ ಹಿಂದಿನ ಐತವಾರ. ಕಾಲಿಂದ ಮುಟ್ಟಿದ್ದಲ್ಲ, ಕೈಯಿಂದ ಜಗ್ಗಿದೆ. ಕಂಕುಳಿಗೆ ಹಿಮ್ಮಡಿ ಕೊಟ್ಟು ಎತ್ತಿನ ಹಗ್ಗ ಜಗ್ಗಿದಂಗ ಜಗ್ಗಿದೆ. ಟಪ್ ಅಂತು. ಆ ಸಪ್ಪಳ ನನಗೆ ಈಗೂ ಕೇಳ್ತೈತೆ."

"ಸುಮ್ನಿರಕ್ಕಾ!" ನಬೀ ಸಾಬ್ ಸುತ್ತ ನೋಡಿದ. "ಖುರ್ಷೀದಾ, ಅಕ್ಕ ಏನೋ ಮನಸ್ಸಿಗೆ ಹಚ್ಕೊಂಡು ಮಾತಾಡ್ತಾಳೆ. ಅಂಥಾದ್ದೇನೂ ಇಲ್ಲ."

"ನೀವು ಸುಮ್ನಿರ್ರಿ" ಎಂದಳು ಖುರ್ಷೀದಾ ಗಂಡನಿಗೆ. ಆಮೇಲೆ ಮುಖದ ಪರದೆ ಎತ್ತಿ ಉಡಚಮ್ಮನನ್ನು ನೇರವಾಗಿ ನೋಡಿದಳು. ಕಣ್ಣುಗಳು ಕೆಂಪಾಗಿದ್ದವು.

"ನನಗೆ ಗೊತ್ತಿತ್ತಕ್ಕಾ. ಆ ದಿನ ಬಚ್ಚಲದಾಗ ಬೆನ್ನುಜ್ಜುವಾಗ ನೋಡಿದೆ. ಕಂಕುಳ ಪಕ್ಕ ಹಿಮ್ಮಡಿ ಅಗಲದ ಕಪ್ಪು ಕಲೆ. ಕಾಲಿಟ್ರೆ ಹಂಗಾಗಲ್ಲ ಅಂತ ನನಗೂ ತಿಳೀತೈತೆ. ಇವ್ರನ್ನ ಕೇಳಿದೆ, ಏಣಿ ಒತ್ತೈತೆ ಅಂದ್ರು. ನಾ ಬಾಯಿ ಮಾಡಿದ್ರೆ ಇವ್ರು ನನ್ನೇ ಸುಳ್ಳಿ ಮಾಡ್ತಿದ್ರು. ನೀವಾಗೇ ಹೇಳ್ತೀರಿ ಅಂತ ಕಾದೆ. ದಿನಾ ಬಾಗಿಲ ಕಡೆ ನೋಡಿದೆ. ನೀವು ಬಾವಿಕಟ್ಟಿಯಿಂದ ಖಾಲಿ ಕೊಡ ಹೊತ್ಕೊಂಡು ಓಡ್ತಿದ್ರಿ. ಅದಕ್ಕೇ ಇವತ್ತು ನಿಮ್ಮನ್ನ ಕರ್ಕೊಂಡು ಬಂದದ್ದು. ಡಾಕ್ಟರ್ ಮುಂದಾದ್ರೂ ಹೇಳ್ಲಿ ಅಂತ."

ಉಡಚಮ್ಮನಿಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ತಾನು ಅಡಗಿಸಿಟ್ಟೆ ಎಂದುಕೊಂಡಿದ್ದನ್ನು ಈಕೆ ಮೊದಲ ದಿನದಿಂದ ಕಂಡಿದ್ದಳು. ಕಂಡೂ ಬಾವಿಕಟ್ಟೆಯಲ್ಲಿ ದಾರಿ ಬಿಟ್ಟು ನಿಂತಿದ್ದಳು.

"ನಾ ಹೇಳ್ದೆ ಈ ಬಸ್ಸು ಹತ್ತಿಬಿಟ್ಟಿದ್ರೆ?" ಎಂದು ಕೇಳಿದಳು, ಕೇಳಬಾರದಿತ್ತು.

"ಹತ್ತಿದ್ರೆ ನಾನೇ ಇಳಿಸ್ತಿದ್ದೆ. ಎಲ್ಲರ ಎದುರಿಗೆ ಹೇಳ್ತಿದ್ದೆ. ಆಮ್ಯಾಲೆ ನಿಮ್ಮ ಬಾಗಿಲು ತುಳೀತಿರಲಿಲ್ಲ."

ಅಷ್ಟು ಹೇಳಿ ಖುರ್ಷೀದಾ ಪರದೆ ಇಳಿಬಿಟ್ಟು, ಬಂದ ದಾರಿಯಲ್ಲೇ ಮುಂದೆ ನಡೆದಳು. ಉಡಚಮ್ಮ ಹಿಂದೆ. ನಬೀ ಸಾಬ್ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ, ತಪ್ಪು ಮಾಡಿದವನು ತಾನೇ ಎನ್ನುವಂತೆ.

ಡಾಕ್ಟರು ಬೈಯುತ್ತಾರೆ ಎಂದು ಉಡಚಮ್ಮ ಕಾದಿದ್ದಳು. ಬೈಯಲಿ ಎಂದು ಆಸೆಯನ್ನೂ ಪಟ್ಟಿದ್ದಳು. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು, "ಯಾವ ಕಡೆ ಜಗ್ಗಿದ್ರಿ? ನನ್ನ ಕೈ ಹಿಡಿದು ತೋರಿಸ್ರಿ" ಎಂದು ತಮ್ಮ ತೋಳನ್ನೇ ಚಾಚಿದರು. ಹೀಗೆ ಎಂದು ತೋರಿಸಬೇಕಾಯಿತು. ಒಂದು ಗಾಯವನ್ನು ಎರಡನೆಯ ಸಲ ಮಾಡಿ ತೋರಿಸುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು.

"ಹುರಿ ಮೊದಲೇ ಸವೆದಿತ್ತು, ಅದು ಖರೇ" ಎಂದರು ಡಾಕ್ಟರು. "ಜಗ್ಗಿದ್ದಕ್ಕ ಹರೀತು, ಅದೂ ಖರೇ. ಹರಿದು ಇನ್ನೂ ತಿಂಗಳಾಗಿಲ್ಲ. ನಾಳೆನೇ ಹುಬ್ಬಳ್ಳಿಗೆ ಹೋಗ್ರಿ. ಕಾಗದ ಕೊಡ್ತೀನಿ. ಕೈ ಬಂದೇ ಬರ್ತೈತೆ ಅಂತ ನಾ ಮಾತು ಕೊಡಲ್ಲ. ಆದ್ರೆ ಬೆಳಿಗ್ಗೆ ಇಲ್ಲದ ದಾರಿ ಈಗ ಐತೆ."

ಬಾಗಿಲ ಹತ್ತಿರ ಅವರು ಉಡಚಮ್ಮನನ್ನು ತಡೆದು, "ಕಾಲಿಂದ ಮುಟ್ಟಿದ್ರೆ ಯಾರಿಗೂ ಏನೂ ಆಗಲ್ಲಮ್ಮಾ. ಜಗ್ಗಬ್ಯಾಡ್ರಿ" ಎಂದರು. ತಾಯಿ ಇಪ್ಪತ್ತೈದು ವರ್ಷ ಹಿಂದೆ ಹೇಳಿದ್ದು ಅದನ್ನೇ.

ಹುಬ್ಬಳ್ಳಿಯಲ್ಲಿ ಹೊಲಿದರು. ನಬೀ ಸಾಬ್ ಕೈಯನ್ನು ಎದೆಗೆ ಕಟ್ಟಿಸಿಕೊಂಡು ಬಂದ. ಎರಡು ತಿಂಗಳು ಎತ್ತಲೇಬಾರದು. ಆಮೇಲೆ ನೋಡೋಣ ಎಂದಿದ್ದರು.

ಮರುಭಾನುವಾರ ಎಂದಿನಂತೆ ಕಟ್ಟೆಯ ಮುಂದೆ ಜನ ಬಂದರು. ಉಡಚಮ್ಮ ಒಬ್ಬರನ್ನೂ ಮುಟ್ಟಲಿಲ್ಲ. "ನನ್ನ ಕಾಲು ಇನ್ನ ಯಾರಿಗೂ ಇಲ್ಲ. ಪಕ್ಕದ ಮನಿ ನಬೀ ಸಾಬನ ಕೈ ಹರಿದಾಕಿ ನಾನು. ಡಾಕ್ಟರ್ ಹತ್ರ ಹೋಗ್ರಿ" ಎಂದು ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು. ಕೆಲವರು ನಂಬಲಿಲ್ಲ, ಕೆಲವರು ಗುಸುಗುಸು ಮಾಡಿಕೊಂಡು ಹೋದರು. ಹಾಲೇಶಪ್ಪ ಮಾತ್ರ ಆ ದಿನ ಛೇಡಿಸಲಿಲ್ಲ. ಚಹಾ ಮಾಡಿ ತಂದು ಹೆಂಡತಿಯ ಪಕ್ಕದಲ್ಲಿಟ್ಟ. ಅವನು ಒಲೆ ಹಚ್ಚಿದ್ದು ಅವಳಿಗೆ ನೆನಪಿದ್ದಂತೆ ಅದೇ ಮೊದಲು.

ರಂಜಾನ್ ಹಬ್ಬ ಹತ್ತಿರ ಬಂತು. ಊರಿಗೆಲ್ಲ ಸುಣ್ಣ ಬಳಿದವನ ಮನೆಯ ಗೋಡೆ ಹೊಗೆ ಹಿಡಿದು ಹಾಗೇ ಇತ್ತು. ಒಂದು ಮಧ್ಯಾಹ್ನ ಉಡಚಮ್ಮ ಸೀರೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು, ಹೇಳದೆ ಕೇಳದೆ ಖುರ್ಷೀದಾಳ ಮನೆಗೆ ಹೋದಳು. ಖುರ್ಷೀದಾ ಬಾಗಿಲಲ್ಲಿ ನಿಂತು ನೋಡಿದಳು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಳಗೆ ಹೋಗಿ ಏಣಿ ತಂದು ಗೋಡೆಗೆ ಚಾಚಿದಳು.

ನಬೀ ಸಾಬ್ ಹೊರಸಿನ ಮೇಲೆ ಕುಳಿತು ಅಪ್ಪಣೆ ಮಾಡತೊಡಗಿದ. "ನೀಲಿ ಸಾಲದು. ಇನ್ನೊಂದೀಟು. ಗೋಂದು ಹಾಕಕ್ಕಾ, ಇಲ್ಲಂದ್ರ ಒರಗಿದೋರ ಬೆನ್ನಿಗೆ ಹತ್ತತೈತೆ. ಅಡ್ಡ ಎಳೀಬ್ಯಾಡ, ಮೇಲಿಂದ ಕೆಳಗ." ಯಾರಿಗೂ ಹೇಳದಿದ್ದ ಗುಟ್ಟುಗಳನ್ನು ಅವನು ಒಂದೊಂದಾಗಿ ಹೇಳುತ್ತಿದ್ದ. ತಾನಿನ್ನು ಅವನ್ನು ಬಳಸಲಿಕ್ಕಿಲ್ಲ ಎಂದುಕೊಂಡೇ ಹೇಳುತ್ತಿದ್ದಾನೋ ಎಂದು ಉಡಚಮ್ಮನಿಗೆ ಅನ್ನಿಸಿತು. ಜಂತಿಯ ಬುಡಕ್ಕೆ ಬರುವಾಗ ಅವಳ ಬಲಗೈ ಸೋತುಹೋಗಿತ್ತು. ಎದೆಯಿಂದ ಸ್ವಲ್ಪ ಮೇಲೆ ಎತ್ತಿದ್ದೇ ಭುಜದೊಳಗೆ ಏನೋ ಸಿಕ್ಕಿ ಚಳಕು ಹೊಡೆಯಿತು. ಕೈ ಅಲ್ಲೇ ನಿಂತಿತು. ಈ ಜಾಗ ಅವಳು ಗಾಜಿನ ಮೇಲೆ ಕಂಡ ಜಾಗವೇ. ಮೂವತ್ತು ವರ್ಷ ಇವನು ದಿನಾ ಈ 'ಚಾವಣಿ'ಯ ಕೆಳಗೆ ಹುರಿಯನ್ನು ಉಜ್ಜಿ ಉಜ್ಜಿ ಅನ್ನ ತಿಂದ. ಉಳಿದಿದ್ದ ಎಳೆಯನ್ನು ತಾನು ಒಂದು ನಗೆಚಾಟಿಕೆಯ ಸಿಟ್ಟಿಗೆ ಹರಿದಳು.

"ನೋಯ್ತೈತೇನಕ್ಕಾ?" ಎಂದ ಕೆಳಗಿನಿಂದ ನಬೀ ಸಾಬ್.

"ಇಲ್ಲ."

"ಸುಳ್ಳು ಹೇಳಬ್ಯಾಡ. ಇಳಿ, ಬಾ. ನಮ್ಮ ಕಟ್ಟೆ ಮ್ಯಾಲೆ ಮಲಗು. ನಾ ಹುಟ್ಟಿದ್ದು ತಲಿ ಮುಂದಾಗಿ, ಆದ್ರೂ ಒಂದ್ಸಲ ಕಾಲಿಡ್ತೀನಿ."

ಒಳಮನೆಯಿಂದ ಖುರ್ಷೀದಾ ನಕ್ಕದ್ದು ಕೇಳಿಸಿತು. ಎಷ್ಟೋ ವಾರಗಳ ಮೇಲೆ ಆ ನಗು. ಏಣಿಯ ಮೇಲೆ ನಿಂತ ಉಡಚಮ್ಮ ನಗಲು ಹೋಗಿ ಅತ್ತುಬಿಟ್ಟಳು. ಮುಚ್ಚಿಕೊಳ್ಳಲಿಲ್ಲ, ಕೆಳಗಿದ್ದವರಿಗೆ ಕೇಳುವ ಹಾಗೆಯೇ ಅತ್ತಳು.

ನಬೀ ಸಾಬ್ ಎದ್ದು ಏಣಿಯ ಬುಡಕ್ಕೆ ಬಂದ.

"ಅಕ್ಕಾ, ಈ ಪಟ್ಟಿ ಬಿಚ್ಚಿ ಕೈ ಎತ್ತಿ ನೋಡೋ ದಿನ ನೀ ನನ್ನ ಎದುರಿಗೆ ಇರಬೇಕು" ಎಂದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಎದ್ರೂ ನೋಡು, ಏಳದಿದ್ರೂ ನೋಡು. ತಪ್ಪಿಸ್ಕೋಬ್ಯಾಡ."

ಆ ದಿನವನ್ನು ನೆನೆದೇ ಅವಳಿಗೆ ಕುಕ್ಕುವಾಡಕ್ಕೆ, ತಾಯಿಯ ಮನೆಗೆ, ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸಿತು. ಏಣಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇರ್ತೀನಿ" ಎಂದಳು.

ಬ್ರಷ್ಷನ್ನು ಸುಣ್ಣದಲ್ಲಿ ಅದ್ದಿದಳು. ಮೇಲಿನ ಒಂದು ಪಟ್ಟಿ ಇನ್ನೂ ಉಳಿದಿತ್ತು.